ಯಾವ ಆಟ ಎಂದು ಕೇಳಿದ್ದೆ

1993ರ ಚಳಿಗಾಲ. ಟೋಕಿಯೋದ ಒಂದು ಸಣ್ಣ ಅನುವಾದ ಕಚೇರಿಗೆ ಸೇರಿ ನನಗೆ ಒಂದೂವರೆ ವರ್ಷವಾಗಿತ್ತು. ಯಂತ್ರಗಳ ಕೈಪಿಡಿಗಳನ್ನು ಜಪಾನಿಯಿಂದ ಇಂಗ್ಲಿಷಿಗೆ ತರುವುದು ನನ್ನ ಕೆಲಸ. ಮೂಲದಲ್ಲಿದ್ದದ್ದು ನನ್ನ ಕೈಯಲ್ಲಿ ಎಲ್ಲಾದರೂ ಬಿಟ್ಟುಹೋಗಿದೆಯೇ ಎಂದು ಸಾಲು ಸಾಲು ಹೋಲಿಸಿ ನೋಡುವುದು ಎದುರು ಮೇಜಿನ ಹಿರಿಯರ ಕೆಲಸ. ನನಗಿಂತ ಹದಿನೈದು ಹದಿನಾರು ವರ್ಷ ದೊಡ್ಡವರು. ಮಾತು ಕಡಿಮೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಬಗ್ಗೆ ಒಮ್ಮೆ ಬರೆದು ಅವರಿಗೆ ಮಾಡಬಾರದ್ದನ್ನು ಮಾಡಿದ್ದೇನೆ. ಅದನ್ನು ಹೇಳಲಿಕ್ಕೇ ಈಗ ಕೂತಿರುವುದು.

ಒಂದು ಸಂಜೆ ಎಲ್ಲರೂ ಹೋದ ಮೇಲೆ ಇಬ್ಬರೇ ಹಸಿರು ಚಹಾ ಕುಡಿಯುತ್ತಿದ್ದೆವು. ಏನೋ ಮಾತಿಗೆ ಅವರು, ಹರೆಯದಲ್ಲಿ ತಾನು ‘ಉಂದೋ’ ಮಾಡುತ್ತಿದ್ದೆ ಅಂದರು. ನಾನು ಕೂಡಲೇ, ಯಾವ ಆಟ ಅಂತ ಕೇಳಿದೆ. ಅವರು ಲೋಟವನ್ನು ಬಾಯಿಯ ಹತ್ತಿರಕ್ಕೆ ಒಯ್ದವರು ಅಲ್ಲೇ ಒಂದು ಕ್ಷಣ ಹಿಡಿದರು. ಆಮೇಲೆ, “ಓಡುವುದು. ತುಂಬ ಓಡಿದೆವು,” ಅಂದರು. ಅದಕ್ಕೇ ನಿಮ್ಮ ಮೈಕಟ್ಟು ಇಷ್ಟು ಚೆನ್ನಾಗಿದೆ ಎಂದು ನಾನು ಮೆಚ್ಚಿಕೊಂಡೆ. ಅವರು ತಲೆಬಾಗಿ ಥ್ಯಾಂಕ್ಸ್ ಹೇಳಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಉಂದೋ ಅಂದರೆ ಚಲನೆ. ನನಗೆ ಆಗ ಗೊತ್ತಿದ್ದ ಉಂದೋ ವ್ಯಾಯಾಮದ್ದು, ಆಟದ್ದು. ಆಟದ ಬೂಟಿಗೆ ಉಂದೋಗುತ್ಸು, ಶಾಲೆಯ ಆಟದ ಮೈದಾನಕ್ಕೆ ಉಂದೋಜೋ, ಶರತ್ಕಾಲದಲ್ಲಿ ಮಕ್ಕಳು ಕೆಂಪು ಟೋಪಿ, ಬಿಳಿ ಟೋಪಿಯ ಎರಡು ಪಕ್ಷಗಳಾಗಿ ಹಗ್ಗ ಜಗ್ಗುವ ಹಬ್ಬಕ್ಕೆ ಉಂದೋಕಾಯ್. ಮೈಗೆ ಓಡಾಟ ಸಾಲದು ಎಂದು ಡಾಕ್ಟರು ಹೇಳುವ ಮಾತು ಉಂದೋಬುಸೋಕು. ಎರಡು ಅಕ್ಷರಗಳ ಪದ ಅದು. ಮೊದಲನೆಯದಕ್ಕೆ ಹೊತ್ತೊಯ್ಯುವುದು ಎಂಬ ಅರ್ಥ. ಅದೇ ಅಕ್ಷರಕ್ಕೆ ಹಣೆಬರಹ, ಅದೃಷ್ಟ ಎಂಬ ಅರ್ಥವೂ ಉಂಟು. ಎರಡನೆಯದು ಅಲುಗುವುದು. ಅದರ ಒಂದು ಪಕ್ಕದಲ್ಲಿ ‘ಭಾರ’, ಇನ್ನೊಂದು ಪಕ್ಕದಲ್ಲಿ ‘ಬಲ’. ಇಷ್ಟನ್ನೆಲ್ಲ ನಾನು ಕಲಿತಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಅದೇ ಪದಕ್ಕೆ ಚಳವಳಿ ಎಂಬ ಅರ್ಥವೂ ಇದೆ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನಿಘಂಟಿನಲ್ಲಿ ಮೂರನೆಯದೋ ನಾಲ್ಕನೆಯದೋ ಅರ್ಥವಾಗಿ ಇತ್ತು. ಚುನಾವಣೆಯ ಪ್ರಚಾರಕ್ಕೂ ಇದೇ ಪದ, ಕಾರ್ಮಿಕರ ಹೋರಾಟಕ್ಕೂ ಇದೇ ಪದ. ಕನ್ನಡದವನಾದ ನನಗೆ ನಿಘಂಟು ಕೂಡ ಬೇಕಿರಲಿಲ್ಲ. ನಮ್ಮ ‘ಚಳವಳಿ’ಯಲ್ಲಿ ಚಲಿಸುವುದು ಕಿವಿಗೇ ಕೇಳುತ್ತದೆ. ‘ಆಂದೋಲನ’ ಅಂದರೆ ಮೂಲದಲ್ಲಿ ತೂಗಾಟ, ಉಯ್ಯಾಲೆಯ ಜೀಕು. ಮೈ ಅಲುಗುವುದಕ್ಕೂ ಜನ ಎದ್ದು ನಿಲ್ಲುವುದಕ್ಕೂ ಒಂದೇ ಬೇರಿನ ಮಾತು ಎಂಬುದು ನನ್ನ ತಾಯಿನುಡಿಯಲ್ಲೇ ಇತ್ತು. ಆದರೂ ಎದುರಿಗೆ ಕೂತ ಮನುಷ್ಯನ ಬಾಯಿಂದ ಆ ಪದ ಬಂದಾಗ ನನಗೆ ಹೊಳೆದದ್ದು ಬೂಟು. ಅವರು ಮಾಸಿದ ಸ್ವೆಟರಿನ, ಶಾಂತ ಮುಖದ ಕರಡು ತಿದ್ದುವವರು. ಅಂಥವರಿಗೆ ಇನ್ನೇನು ಹಿಂದಿನ ಕಥೆ ಇದ್ದೀತು ಎಂದುಕೊಂಡಿದ್ದೆನೇನೋ. ಭಾಷೆ ಬಾರದ್ದಕ್ಕೆ ಆದ ತಪ್ಪು ಎಂದು ಬಹಳ ಕಾಲ ಹೇಳಿಕೊಂಡೆ. ಈಗ ಹಾಗನ್ನಿಸುವುದಿಲ್ಲ.

ಎರಡು ವರ್ಷ ಕಳೆದು, 1995ರಲ್ಲಿ ರಜೆಗೆ ಊರಿಗೆ ಬಂದು ಹೋದೆ. ಆಗೆಲ್ಲ ನರಿತಾ ವಿಮಾನ ನಿಲ್ದಾಣದ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ, ಒಳಗೆ ಕಾಲಿಡುವ ಮುಂಚೆಯೇ, ಗುರುತಿನ ಕಾಗದ ತೋರಿಸಬೇಕಿತ್ತು. ಪ್ರಯಾಣಿಕರಷ್ಟೇ ಅಲ್ಲ, ಬೀಳ್ಕೊಡಲು ಬಂದವರೂ ತೋರಿಸಬೇಕು. (2015ರ ಮಾರ್ಚಿನಲ್ಲಷ್ಟೇ ಅದನ್ನು ನಿಲ್ಲಿಸಿದರು.) ಕಚೇರಿಗೆ ಮರಳಿದ ಮೇಲೆ, ಇದೇನು ಇಷ್ಟು ಕಾಟ ಎಂದು ಅವರೆದುರು ಗೊಣಗಿದೆ. ಅವರು ಕೆಂಪು ಪೆನ್ನು ಕೆಳಗಿಡದೆ, “ಅಲ್ಲಿ ರೈತರಿದ್ದರು,” ಅಂದರು. ಅಷ್ಟೇ. ಮತ್ತೆ ಪುಟಕ್ಕೆ ಬಗ್ಗಿದರು.

ಆ ಶನಿವಾರ ಗ್ರಂಥಾಲಯಕ್ಕೆ ಹೋಗಿ ಓದಿದೆ. 1966ರ ಜುಲೈ 4ರಂದು ಸರ್ಕಾರ ಸಾನ್‌ರಿಜುಕಾ ಎಂಬ ಕಡೆ ಹೊಸ ನಿಲ್ದಾಣ ಕಟ್ಟುವುದೆಂದು ಸಂಪುಟದಲ್ಲಿ ತೀರ್ಮಾನಿಸಿತು. ಅಲ್ಲಿನವರನ್ನು ಕೇಳಲಿಲ್ಲ. ಅಲ್ಲಿದ್ದವರಲ್ಲಿ ಹಲವರು ಯುದ್ಧ ಮುಗಿದ ಮೇಲೆ ಬರಿಗೈಯಲ್ಲಿ ಬಂದು ಕಾಡು ಕಡಿದು, ಬೊಡ್ಡೆ ಕಿತ್ತು ಹೊಲ ಮಾಡಿಕೊಂಡವರು. ಅವರು ಏಳುವುದಿಲ್ಲ ಎಂದರು. ಟೋಕಿಯೋದ ವಿದ್ಯಾರ್ಥಿಗಳು ಅವರ ಜೊತೆ ನಿಲ್ಲಲು ಬಂದರು. 1971ರಲ್ಲಿ ಬಲವಂತದಿಂದ ಭೂಮಿ ಕಿತ್ತುಕೊಂಡಾಗ ರೈತ ಹೆಂಗಸರು ಮರಗಳಿಗೆ ಸರಪಳಿ ಬಿಗಿದುಕೊಂಡು ನಿಂತರು. ಅದೇ ವರ್ಷ ಸೆಪ್ಟೆಂಬರಿನ ಘರ್ಷಣೆಯಲ್ಲಿ ಮೂವರು ಪೊಲೀಸರು ಸತ್ತರು. 1978ರ ಮಾರ್ಚ್ 26ರಂದು ಹೋರಾಟಗಾರರು ಕಂಟ್ರೋಲ್ ಟವರಿಗೇ ನುಗ್ಗಿ ಯಂತ್ರಗಳನ್ನು ಒಡೆದರು. ಮಾರ್ಚ್ 30ಕ್ಕೆ ತೆರೆಯಬೇಕಿದ್ದ ನಿಲ್ದಾಣ ಮೇ 20ಕ್ಕೆ ತೆರೆಯಿತು. ಆಮೇಲೂ ಬಹಳ ವರ್ಷ, ಮಾರಲೊಲ್ಲದವರ ನೆಲವನ್ನು ಬಳಸಿಕೊಂಡು ವಿಮಾನ ಸಾಗುವ ಹಾದಿಯೇ ಒಂದೆಡೆ ಬಾಗಿಕೊಂಡಿತ್ತು.

ಆ ಬಾಗಿದ ಹಾದಿಯ ಚಿತ್ರ ನೋಡುತ್ತಿರುವಾಗ ‘ತುಂಬ ಓಡಿದೆವು’ ಎಂಬ ಮಾತು ನೆನಪಾಯಿತು. ಓಡಿದೆ ಅಲ್ಲ, ಓಡಿದೆವು. ಜಪಾನಿಯಲ್ಲಿ ಕರ್ತೃವನ್ನು ಸಾಮಾನ್ಯವಾಗಿ ಬಿಟ್ಟೇ ಮಾತಾಡುತ್ತಾರೆ, ಕ್ರಿಯಾಪದವೂ ನಾನು ನಾವು ಎಂದು ಬದಲಾಗುವುದಿಲ್ಲ. ಆದರೆ ಅವರು ‘ನಾವು’ ಎಂಬ ಪದವನ್ನು ಎತ್ತಿ ಹೇಳಿದ್ದರು. ಅದು ನನ್ನ ಕಿವಿಗೆ ಬಿದ್ದಿತ್ತು. ಬಿದ್ದದ್ದನ್ನು ನಾನು ಎತ್ತಿಕೊಂಡಿರಲಿಲ್ಲ.

ಸೋಮವಾರ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಹಳೆಯ ಗಾಯ ಕೆದಕಬಾರದು ಎಂಬ ದಾಕ್ಷಿಣ್ಯ ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಸ್ವಲ್ಪ ನಿಜವೂ ಇರಬಹುದು. 1969ರ ಜನವರಿ 18, 19ರಂದು ಟೋಕಿಯೋ ವಿಶ್ವವಿದ್ಯಾಲಯದ ಯಾಸುದಾ ಸಭಾಂಗಣದೊಳಗೆ ಕೂತಿದ್ದ ವಿದ್ಯಾರ್ಥಿಗಳನ್ನು ನೀರಿನ ಫಿರಂಗಿ, ಅಶ್ರುವಾಯು ಬಿಟ್ಟು ಹೊರಗೆಳೆದರು. ಆ ವರ್ಷ ಆ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯೇ ನಡೆಯಲಿಲ್ಲ. 1972ರ ಹೊತ್ತಿಗೆ ಒಂದು ಗುಂಪು ಗುನ್ಮಾದ ಬೆಟ್ಟಗಳಲ್ಲಿ ತನ್ನದೇ 12 ಸಂಗಾತಿಗಳನ್ನು ಕೊಂದದ್ದು ಬಯಲಾಯಿತು. ಆ ಮೇಲೆ ಹರೆಯದಲ್ಲಿ ಉಂದೋ ಮಾಡಿದವರು ಆ ಬಗ್ಗೆ ಮನೆಯಲ್ಲೂ ಬಾಯಿಬಿಡದಂತಾಯಿತು. ಅಂಥ ಒಬ್ಬರು ಯಾರಿಲ್ಲದ ಸಂಜೆ ನೋಡಿ ಹೊರದೇಶದ ಕಿರಿಯನೆದುರು ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಿದ್ದರು. ನಾನು ಅದನ್ನು ಆಟದ ಮಾತಾಗಿ ಮಾಡಿ ಮುಚ್ಚಿದ್ದೆ. ಮುಚ್ಚಿದವನೇ ಮತ್ತೆ ತಟ್ಟಬೇಕಿತ್ತು.

ತಟ್ಟದೇ ಇದ್ದುದಕ್ಕೆ ನಿಜವಾದ ಕಾರಣ ಬೇರೆ ಇತ್ತು. ಅವರು ಹೇಳಿದ ಮೇಲೆ ನಾನೂ ಹೇಳಬೇಕಾಗುತ್ತಿತ್ತು. ಅದಕ್ಕೆ ಬರುತ್ತೇನೆ, ಸ್ವಲ್ಪ ತಡೆಯಿರಿ. ತಡೆಯಿರಿ ಎನ್ನುವುದೂ ನನ್ನ ಹಳೆಯ ಚಾಳಿಯೇ.

ಕೇಳುವ ಬದಲು ನಾನು ಮಾಡಿದ್ದು ಪದದ ಚರಿತ್ರೆ ಓದುವುದು. ಅದನ್ನು ಪ್ರೀತಿಯಿಂದಲೇ ಓದಿದೆ, ಸುಳ್ಳಲ್ಲ. ಎರಡಕ್ಷರದ ಆ ಪದ ಹಳೆಯ ಚೀನೀ ಗ್ರಂಥಗಳಿಂದ ಬಂದದ್ದು. ಜಪಾನು ಅದನ್ನು ಹೊಸ ಕೆಲಸಗಳಿಗೆ ಹೂಡಿತು. ನಾಗಸಾಕಿಯಲ್ಲಿ ಡಚ್ ಭಾಷೆಯ ದುಭಾಷಿಗಳ ಮನೆತನಕ್ಕೆ ಸೇರಿದ್ದ ಶಿಜುಕಿ ತಾದಾವೋ ಎಂಬಾತ 1798ರಿಂದ 1802ರ ನಡುವೆ ನ್ಯೂಟನ್ನನ ವಿಚಾರಗಳಿದ್ದ ಪುಸ್ತಕವೊಂದನ್ನು ಡಚ್ಚಿನಿಂದ ಜಪಾನಿಗೆ ತಂದ. ಗುರುತ್ವಕ್ಕೆ, ಕೇಂದ್ರತ್ಯಾಗಿ ಬಲಕ್ಕೆ ಜಪಾನಿನಲ್ಲಿ ಇಂದಿಗೂ ಬಳಸುವ ಪದಗಳು ಆತನ ಮೇಜಿನ ಮೇಲೆ ಹುಟ್ಟಿದವು. ಗ್ರಹಗಳ ಚಲನೆಯ ಬಗ್ಗೆ ಅಷ್ಟು ಬರೆದ ಆತ ನಾಗಸಾಕಿಯಲ್ಲೇ ಕೂತು ಬರೆದ. ದೇಶದಾಚೆ ಹೋಗುವುದು ಆಗ ನಿಷಿದ್ಧ. ಆ ಬಾಗಿಲು ಮುಚ್ಚಿದ ಸ್ಥಿತಿಗೆ ಹೆಸರಾದ ‘ಸಾಕೋಕು’ ಎಂಬ ಪದವೂ ಆತನದೇ, 1801ರ ಇನ್ನೊಂದು ಅನುವಾದದ್ದು. ಕೂತಲ್ಲೇ ಕೂತು ಪದ ಹುಡುಕಿದ ಆ ಮನುಷ್ಯನನ್ನು ನಾನು ನನ್ನ ಪೂರ್ವಜನೆಂಬಂತೆ ಹಚ್ಚಿಕೊಂಡೆ. ಆತನಿಗೆ ಹೊರಡುವ ದಾರಿ ಇರಲಿಲ್ಲ. ನನಗೆ ಎದುರು ಮೇಜಿಗೆ ನಾಲ್ಕು ಹೆಜ್ಜೆ ಇತ್ತು.

ಮೇಜಿ ಕಾಲದ ಸಂಗತಿ ನನ್ನನ್ನು ಇನ್ನಷ್ಟು ಕಾಡಿತು. 1874ರಲ್ಲಿ ಟೋಕಿಯೋದ ನೌಕಾ ಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕರ ಸಲಹೆಯಂತೆ ಓಟ, ಜಿಗಿತದ ಕೂಟ ನಡೆಯಿತು. ಶಾಲೆಗಳ ಉಂದೋಕಾಯ್‌ಗೆ ಅದೇ ಮೊದಲು ಎನ್ನುತ್ತಾರೆ. ಅದೇ ವರ್ಷ ಇತಾಗಾಕಿ ತಾಯ್‌ಸುಕೆ ಮತ್ತು ಜೊತೆಯವರು ಜನರಿಂದ ಆರಿಸಿದ ಶಾಸನಸಭೆ ಬೇಕೆಂದು ಸರ್ಕಾರಕ್ಕೆ ಮನವಿ ಕೊಟ್ಟರು. ಸ್ವಾತಂತ್ರ್ಯ ಮತ್ತು ಜನರ ಹಕ್ಕುಗಳ ಆ ಹೋರಾಟವನ್ನು ಚರಿತ್ರೆಯ ಪುಸ್ತಕಗಳು ‘ಜಿಯೂ ಮಿಂಕೆನ್ ಉಂದೋ’ ಎಂದು ಕರೆಯುತ್ತವೆ. 1880ರಲ್ಲಿ ಸಭೆ ಸೇರುವುದಕ್ಕೆ ಕಾನೂನಿನ ಕಡಿವಾಣ ಬಿತ್ತು. ಪೊಲೀಸರು ಸಭೆಗೆ ಬಂದು ಕೂತು, ಬೇಡವೆನಿಸಿದಾಗ ಎಬ್ಬಿಸಬಹುದಿತ್ತು. ಆಗ ತರುಣರು ಸಭೆ ಬಿಟ್ಟು ಉಂದೋಕಾಯ್ ಕರೆದರು. ಬಾವುಟ ಹಿಡಿದು ಬಯಲಿಗೆ ಮೆರವಣಿಗೆ ಹೋಗುವುದು, ಹಗ್ಗ ಜಗ್ಗುವುದು, ಬಾವುಟ ಕಿತ್ತುಕೊಳ್ಳುವುದು. ಹೆಸರು ಆಟದ್ದು, ಕೆಲಸ ರಾಜಕೀಯದ್ದು. 1889ರಲ್ಲಿ ಸಂವಿಧಾನ ಬಂತು, ಮರುವರ್ಷ ಶಾಸನಸಭೆ ಕೂತಿತು. ಉಂದೋಕಾಯ್ ಮಾತ್ರ ಶಾಲೆಯ ಮಕ್ಕಳ ಕವಾಯತಾಗಿ, ಹಬ್ಬವಾಗಿ ಉಳಿಯಿತು. ಅಂದರೆ ಒಂದು ಕಾಲದಲ್ಲಿ ಈ ಪದದ ಎರಡು ಅರ್ಥಗಳು ಒಂದೇ ಬಯಲಿನಲ್ಲಿ ಒಟ್ಟಿಗೆ ಓಡಿದ್ದವು. ಆಟದ ಅರ್ಥ ಚಳವಳಿಯ ಅರ್ಥವನ್ನು ಕಾಪಾಡಲು ಮರೆಯಾಗಿ ನಿಂತಿತ್ತು. ನನ್ನ ಹಿರಿಯರು ‘ಓಡುವುದು’ ಎಂದಾಗಲೂ ಹಾಗೆ ಮರೆಗೆ ಸರಿದರೇ? ಅಥವಾ ನನ್ನ ಪ್ರಶ್ನೆಯೇ ಅವರನ್ನು ಅಲ್ಲಿಗೆ ದಬ್ಬಿತೇ?

1905–06ರಲ್ಲಿ ನತ್ಸುಮೆ ಸೋಸೆಕಿ ಬೆಕ್ಕಿನ ಬಾಯಲ್ಲಿ ಹೇಳಿಸಿದ ಕಾದಂಬರಿಯಲ್ಲಿ ಆ ಬೆಕ್ಕು ತಾನೂ ಈಚೆಗೆ ಉಂದೋ ಶುರುಮಾಡಿದ್ದೇನೆ ಎನ್ನುತ್ತದೆ. ಮ್ಯಾಂಟಿಸ್ ಹುಳುವನ್ನು ಬೇಟೆಯಾಡುವುದು, ಮರ ಹತ್ತುವುದು. ವ್ಯಾಯಾಮ ಎಂಬುದು ಊರಿಗೆ ಹೊಸ ಫ್ಯಾಶನ್ ಆಗಿದ್ದ ಕಾಲ. ಆಮೇಲೆ 1919ರಲ್ಲಿ ಜಪಾನಿನ ಆಳ್ವಿಕೆಯ ವಿರುದ್ಧ ಕೊರಿಯಾದ ಜನ ಮಾರ್ಚ್ 1ರಂದು ಬೀದಿಗಿಳಿದರು. ಕೊರಿಯನ್ನರು ಅದನ್ನು ಕರೆಯುವುದು ಇದೇ ಎರಡಕ್ಷರದಿಂದ, ಅವರ ಉಚ್ಚಾರದಲ್ಲಿ ‘ಉಂದೊಂಗ್’. ಎರಡು ತಿಂಗಳ ನಂತರ ಬೀಜಿಂಗಿನ ವಿದ್ಯಾರ್ಥಿಗಳು ಎದ್ದದ್ದು ಮೇ 4ರ ‘ಯುಂದೊಂಗ್’. ಅದೂ ಜಪಾನಿಗೆ ಚೀನೀ ನೆಲ ಕೊಡುವುದರ ವಿರುದ್ಧವೇ. ಚೀನಾದಿಂದ ಬಂದ ಪದಕ್ಕೆ ಜಪಾನು ಹೊಸ ಅರ್ಥ ತುಂಬಿತು. ಆ ಅರ್ಥ ಹೊತ್ತು ಮರಳಿದ ಪದ ಜಪಾನಿನ ಎದುರೇ ನಿಂತಿತು.

ಇದನ್ನೆಲ್ಲ ಬರೆಯುವಾಗ ಈಗಲೂ ನನ್ನ ಕೈ ಚುರುಕಾಗುತ್ತದೆ. ಅದನ್ನೇ ನಾನು ಅನುಮಾನಿಸಬೇಕಾಗಿದೆ. 1919ರ ಕೊರಿಯಾದ ಬಗ್ಗೆ ನನಗೆ ಇಷ್ಟು ಉತ್ಸಾಹ, ಎದುರಿಗಿದ್ದ ಒಬ್ಬ ಮನುಷ್ಯನ ಇಪ್ಪತ್ತನೇ ವಯಸ್ಸಿನ ಬಗ್ಗೆ ಒಂದು ಪ್ರಶ್ನೆಗೂ ಧೈರ್ಯವಿಲ್ಲ. ಪದದ ಚರಿತ್ರೆ ತಿರುಗಿ ಏನನ್ನೂ ಕೇಳುವುದಿಲ್ಲ. ಮನುಷ್ಯ, ‘ಮತ್ತೆ ನೀನು?’ ಎಂದು ಕೇಳಬಹುದು.

ಮತ್ತೆ ನಾನು. ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಹಳ್ಳಿ ನನ್ನದು. 1980ರಲ್ಲಿ ರೈತ ಸಂಘ ಶುರುವಾದ ಮೇಲೆ ನಮ್ಮ ಕಡೆ ಹಸಿರು ಶಾಲು ಹೊದೆಯದ ಮನೆ ಕಡಿಮೆ. ಸಾಲಕ್ಕೆ ಮನೆಯ ಪಾತ್ರೆ, ಪಂಪ್‌ಸೆಟ್ ಜಪ್ತಿ ಮಾಡುವುದರ ವಿರುದ್ಧ ಜನ ನಿಂತರು. ಅನುಮತಿಯಿಲ್ಲದೆ ವಸೂಲಿಗೆ ಊರೊಳಗೆ ಬರಬಾರದೆಂದು ಅಧಿಕಾರಿಗಳಿಗೆ ಹೇಳುವ ಬೋರ್ಡುಗಳು ಊರೂರ ಬಾಯಲ್ಲಿ ಎದ್ದವು. ನಮ್ಮೂರಿನ ಬೋರ್ಡು ಬರೆದವನು ನಾನು. ಕಾಲೇಜು ಓದುತ್ತಿದ್ದೆ, ಅಕ್ಷರ ಗುಂಡಗಿತ್ತು. ಹಸಿರು ಬಣ್ಣದ ಡಬ್ಬಿ, ಎರಡು ಬ್ರಷ್ಷು, ಒಂದು ಮಧ್ಯಾಹ್ನ. ಇದು ನನ್ನ ಚಳವಳಿ. ಮೆರವಣಿಗೆಗಳಿಗೂ ಹೋಗಿದ್ದೆ, ಕೂಗಿದ್ದೆ. ಆದರೆ ತಾಲ್ಲೂಕು ಕಚೇರಿ ಎದುರು ಎಲ್ಲರೂ ಜೈಲಿಗೆ ಹೋಗುವುದೆಂದು ನಿಶ್ಚಯವಾದ ದಿನ ಬೆಳಿಗ್ಗೆ ದೊಡ್ಡಪ್ಪನ ಮಗ ಬಂದು ಕರೆದಾಗ ನಾನು ಕಂಬಳಿ ಹೊದ್ದು ಮಲಗಿದ್ದೆ. ಜ್ವರ ಅಂದೆ. ಅವನು ಹಣೆ ಮುಟ್ಟಿ ನೋಡಿದ. “ಆಯ್ತು, ಮಲ್ಕೋ,” ಅಂದು ಹೊರಟ. 11 ದಿನ ಒಳಗಿದ್ದು ಬಂದ. ಜ್ವರ ಇರಲಿಲ್ಲ. ಹಣೆ ಮುಟ್ಟಿದವನಿಗೆ ಅದು ಗೊತ್ತಾಗದೆ ಇದ್ದೀತೇ?

ಭಯವೇ ಎಂದು ಕೇಳಿಕೊಂಡರೆ, ಪೂರ್ತಿ ಭಯವಲ್ಲ. ಕೇಸು ಬಿದ್ದರೆ ಮುಂದೆ ಪಾಸ್‌ಪೋರ್ಟ್ ಸಿಗುವುದಿಲ್ಲ ಎಂದು ಯಾರೋ ಹೇಳಿದ್ದರು. ಇನ್ನೂ ಜಪಾನಿನ ಕನಸೂ ಬಿದ್ದಿರಲಿಲ್ಲ, ಪಾಸ್‌ಪೋರ್ಟಿನ ಲೆಕ್ಕ ಮಾತ್ರ ಆಗಲೇ ಹಾಕಿದ್ದೆ. ಆಮೇಲೆ ಅದೇ ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದು, ಬೇರೆ ರೈತರಿಂದ ಕಿತ್ತುಕೊಂಡ ನೆಲದ ಮೇಲೆ ಇಳಿದೆ.

ಊರಿಗೆ ಮರಳಿದ ಮೇಲೆ, 2011ರಲ್ಲಿ, ಈ ಪದದ ಬಗ್ಗೆ ಒಂದು ಪತ್ರಿಕೆಗೆ ಲೇಖನ ಬರೆದೆ. ಅದರಲ್ಲಿ ಆ ಚಹಾದ ಸಂಜೆ ಇತ್ತು. ಅಲ್ಲಿ ನಾನು ‘ಯಾವ ಆಟ’ ಎಂದು ಕೇಳಲಿಲ್ಲ. ಅವರು ಉಂದೋ ಎಂದ ಕೂಡಲೇ ನನಗೆ ಅರ್ಥವಾಯಿತು, ನಾನೂ ಹಸಿರು ಶಾಲಿನ ದಿನಗಳನ್ನು ಹೇಳಿದೆ, ಎರಡು ದೇಶಗಳ ಇಬ್ಬರು ಹಳೆಯ ಚಳವಳಿಗಾರರು ಮೌನವಾಗಿ ಚಹಾ ಕುಡಿದೆವು ಎಂದು ಬರೆದೆ. ಚೆನ್ನಾಗಿ ಬಂದಿತ್ತು. ಹತ್ತಾರು ಓದುಗರು ಕಾಗದ ಬರೆದರು. ದೊಡ್ಡಪ್ಪನ ಮಗನೂ ಓದಿ ಫೋನು ಮಾಡಿದ. “ಚೆನ್ನಾಗ್ ಬರ್ದಿದೀಯ ಕಣೋ,” ಅಂದ. ಆಮೇಲೆ ಅಡಿಕೆ ಧಾರಣೆಯ ಮಾತು ತೆಗೆದ. ಅವನು ಬೈದಿದ್ದರೆ ನಾನು ವಾದ ಮಾಡುತ್ತಿದ್ದೆ, ಲೇಖನ ಅಂದಮೇಲೆ ಸ್ವಲ್ಪ ತಿದ್ದಬೇಕಾಗುತ್ತದೆ ಎನ್ನುತ್ತಿದ್ದೆ. ಆ ಅವಕಾಶವನ್ನು ಅವನು ಕೊಡಲಿಲ್ಲ.

ಇದರ ಕೆಳಗೆ ಇನ್ನೂ ಒಂದು ತಪ್ಪಿದೆ. ಅವರು ನಿಜವಾಗಿ ಚಳವಳಿಯಲ್ಲಿದ್ದರು ಎಂದು ಯಾರು ಹೇಳಿದ್ದು? ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನನ್ನ ಹತ್ತಿರ ಇರುವುದು ಒಂದು ‘ನಾವು’, ‘ಅಲ್ಲಿ ರೈತರಿದ್ದರು’ ಎಂಬ ಒಂದು ಮಾತು. 1996ರಲ್ಲಿ ಕಚೇರಿಯವರೆಲ್ಲ ಸಿಂಗಪುರಕ್ಕೆ ಹೋದಾಗ ಅವರೊಬ್ಬರೇ ಕೈಯಿಂದ ದುಡ್ಡು ಹಾಕಿ ಒಸಾಕಾಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿನ ಕಾನ್ಸಾಯ್ ನಿಲ್ದಾಣದಿಂದ ವಿಮಾನ ಹತ್ತಿದ್ದು ಇನ್ನೊಂದು. ಒಸಾಕಾದಲ್ಲಿ ಅವರ ಅಕ್ಕ ಇದ್ದರು. ಬಹುಶಃ ಅಕ್ಕನನ್ನು ನೋಡಲು ಹೋಗಿರಬಹುದು. ಬಹುಶಃ ಅವರು ನಿಜವಾಗಿಯೂ ಓಟಗಾರರಾಗಿದ್ದಿರಬಹುದು. ಮೊದಲು ಅವರನ್ನು ಕೇಳದೆ ಆಟಗಾರನನ್ನಾಗಿ ಮಾಡಿದೆ, ಆಮೇಲೆ ಕೇಳದೆ ಹೋರಾಟಗಾರನನ್ನಾಗಿ ಮಾಡಿದೆ. ಎರಡೂ ಸಲ ಅನುಕೂಲ ನನ್ನದೇ.

ನನಗೆ ನಿಶ್ಚಯವಾಗಿ ಗೊತ್ತಿರುವುದು ಒಂದು ಸಂಗತಿ. ಒಮ್ಮೆ ನನ್ನ ದಿನದ ವರದಿಯಲ್ಲಿ ‘ಕೆಲಸ ಮಾಡು’ ಎಂಬ ಪದದ ಅಕ್ಷರ ತಪ್ಪಿತ್ತು. ‘ಅಲುಗು’ ಅಕ್ಷರವನ್ನಷ್ಟೇ ಬರೆದಿದ್ದೆ. ಅವರು ಅದರ ಎಡಕ್ಕೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದರು. ಮನುಷ್ಯ ಎಂಬುದರ ಗುರುತು ಅದು. ಮನುಷ್ಯ ಮತ್ತು ಅಲುಗು, ಎರಡೂ ಸೇರಿದರೆ ಕೆಲಸ. ಈ ಅಕ್ಷರ ಚೀನಾದಿಂದ ಬಂದದ್ದಲ್ಲ, ನಮ್ಮಲ್ಲೇ ಮಾಡಿಕೊಂಡದ್ದು ಅಂದರು. “ನೀವು ಮನುಷ್ಯನನ್ನು ಬಿಟ್ಟಿದ್ದೀರಿ,” ಅಂದರು. ಅವರು ಹೇಳಿದ್ದು ಅಕ್ಷರದ ಬಗ್ಗೆ ಮಾತ್ರ.

ನಿವೃತ್ತರಾದ ಮೇಲೂ ಅವರು ಪ್ರತಿವರ್ಷ ಹೊಸ ವರ್ಷದ ಕಾರ್ಡು ಕಳಿಸುತ್ತಾರೆ. ಅಚ್ಚಾದ ಶುಭಾಶಯದ ಕೆಳಗೆ ಕೈಬರಹದ ಒಂದು ಸಾಲು ಇರುತ್ತದೆ, ಸಾಮಾನ್ಯವಾಗಿ ಹವಾಮಾನದ್ದು. ಈ ವರ್ಷದ್ದು ಜನವರಿ ಕೊನೆಗೆ ಬಂತು. ಅಕ್ಷರ ಸ್ವಲ್ಪ ನಡುಗಿತ್ತು. ‘ಉಂದೋ ಮಾಡುತ್ತಿದ್ದೀರಾ?’ ಎಂದಿತ್ತು. ವಯಸ್ಸಾದವರು ಒಬ್ಬರನ್ನೊಬ್ಬರು ಕೇಳುವ ಆರೋಗ್ಯದ ಮಾತೇ ಅದು. ಬೇರೆ ಏನೂ ಇರಬೇಕಾಗಿಲ್ಲ.

ಉತ್ತರ ಬರೆಯಲು ನಾಲ್ಕು ದಿನ ಹಿಡಿಯಿತು. ಒಂದು ಕಾಗದದಲ್ಲಿ ಬೋರ್ಡು, ಕಂಬಳಿ, ಜ್ವರ, 2011ರ ಲೇಖನ ಎಲ್ಲವನ್ನೂ ಬರೆದೆ. ಕೊನೆಗೆ, ಆ ಸಂಜೆ ನೀವು ಹೇಳಹೊರಟದ್ದು ಏನು ಎಂದು ಕೇಳಿದೆ. ಜಪಾನಿಯಲ್ಲಿ ಎರಡು ಪುಟ ಆಗಿತ್ತು. ಅದನ್ನು ಕಳಿಸಲಿಲ್ಲ. ಒಂದು ಕಾರ್ಡು ತೆಗೆದುಕೊಂಡು, ದಿನಾ ಬೆಳಿಗ್ಗೆ 40 ನಿಮಿಷ ನಡೆಯುತ್ತೇನೆ, ನೀವೂ ಮೈ ನೋಡಿಕೊಳ್ಳಿ ಎಂದು ಬರೆದು ಅಂಚೆಗೆ ಹಾಕಿ ಬಂದೆ.